ಒದ್ದೆ ಅಂಗೈಗೂ ಮದ್ದುಂಟು

ಅಕ್ಕಾರ, ನಾನು ಬನಹಟ್ಟಿಯಾಕಿ, ವಯಸ್ಸು 22. ಬಿ.ಕಾಂ. ಮುಗಿಸೇನಿ. ಮನ್ಯಾಗ ಪವರ್‌ಲೂಮ್ ಅದಾವ, ನಾನೂ ಅವ್ವನೂ ನೂಲಿನ ಕಂಡಿಕಿ ಸುತ್ತತೀವಿ. ಆರನೇತ್ತೆ ಇದ್ದಾಗಿಂದ ನನ್ನ ಅಂಗೈ, ಅಂಗಾಲು ಒಂದೇ ಸವನ ಬೆವರತಾವ. ಬ್ಯಾಸಗಿ ಅಷ್ಟ ಅಲ್ಲ, ಥಂಡಿಯಾಗೂ ಬೆವರತಾವ. ಬಿಳಿ ನೂಲು ಹಿಡದ್ರ ಕಲೆ ಬೀಳತೈತಿ, ಅದಕ್ಕ ಅವ್ವ ನನಗ ಗಾಢ ಬಣ್ಣದ್ದಷ್ಟ ಕೊಡತಾಳ. ಡಿಗ್ರಿ ಪರೀಕ್ಷೆಯಾಗ ಉತ್ತರಪತ್ರಿಕೆ ಒದ್ದಿಯಾಗಿ ಹರದಿತ್ತು. ಹ್ವಾದ ವರ್ಷ ನೌಕರಿ ಪರೀಕ್ಷೆಗೆ ಹೋದಾಗ ಹೆಬ್ಬಟ್ಟಿನ ಮಷಿನ್ ನನ್ನ ಗುರುತು ತಗೊಳ್ಳಲೇ ಇಲ್ಲ, ಹಿಂದ ನಿಂತವರೆಲ್ಲ ಗೊಣಗಿದ್ರು. ಗೆಳತ್ಯಾರು ಅಂಜುಬುರುಕಿ ಅಂತಾರ. ಅಜ್ಜಿ ಉಷ್ಣದ ಮೈ ಅಂತ ಜೀರಗಿ ನೀರು ಕುಡಸ್ತಾಳ. ಅಪ್ಪನ ಕೈಯೂ ಹಿಂಗ, ಆದ್ರ ಅಂವ ಹೆಗಲ ಮ್ಯಾಲಿನ ಟವೆಲ್ಲಿಗೆ ಒರಸ್ಕೊಂಡು ಸುಮ್ಮನಿರ್ತಾನ. ಈಗ ಮಹಾಲಿಂಗಪುರದ ಕಡೆ ಗಂಡು ನೋಡ್ಯಾರ. ಎಲ್ಲಾರ ಮುಂದ ಅವರ ಕೈಯಾಗ ಕೈ ಇಟ್ರ ಏನ್ ತಿಳಕೋತಾರೋ ಅಂತ ರಾತ್ರಿ ನಿದ್ದಿ ಬರವಲ್ದು. ಆಪರೇಷನ್ ಮಾಡಿಸಿದ್ರ ಒಮ್ಮೆಗೇ ನಿಲ್ಲತೈತಂತ ಮೊಬೈಲ್‌ನ್ಯಾಗ ನೋಡೇನಿ. ಮಾಡಿಸಲೋ ಬ್ಯಾಡೋ? ಮನ್ಯಾಗ ಕೇಳಾಕ ನಾಚಿಕಿ. ತಂಗಿ ಅಂತ ತಿಳದು ಹೇಳ್ರಿ.

ತಂಗಿ,

ನಿನ್ನ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಆಪರೇಷನ್ ಈಗ ಬೇಡ. ಅದಕ್ಕಿಂತ ಸುಲಭದ, ಅಗ್ಗದ, ಬೇಡವೆಂದಾಗ ನಿಲ್ಲಿಸಬಹುದಾದ ದಾರಿಗಳು ಇನ್ನೂ ಬೇಕಾದಷ್ಟಿವೆ. ಅವುಗಳಲ್ಲಿ ಒಂದನ್ನೂ ನೀನು ನೋಡಿಲ್ಲ. ಯಾಕೆಂದರೆ ಇದು ವೈದ್ಯರಿಗೆ ತೋರಿಸುವ ತೊಂದರೆ ಎಂದು ಇಷ್ಟು ವರ್ಷದಲ್ಲಿ ನಿನಗೆ ಯಾರೂ ಹೇಳಿಲ್ಲ.

ಇದಕ್ಕೆ ವೈದ್ಯರು ಹೈಪರ್‌ಹೈಡ್ರೋಸಿಸ್ ಎನ್ನುತ್ತಾರೆ. ನಾವು ಅತಿಬೆವರು ಎನ್ನೋಣ. ನಿನ್ನ ಪತ್ರ ಓದುತ್ತಿದ್ದಂತೆ ಇದರ ಲಕ್ಷಣಗಳು ಒಂದೊಂದಾಗಿ ಸಿಕ್ಕವು. ಚಿಕ್ಕ ವಯಸ್ಸಿನಲ್ಲೇ ಶುರುವಾಗಿದೆ. ಎರಡೂ ಕೈ, ಎರಡೂ ಕಾಲು ಸಮನಾಗಿ ಬೆವರುತ್ತವೆ. ಚಳಿಯಲ್ಲೂ ಬಿಡುವುದಿಲ್ಲ. ದಿನದ ಕೆಲಸಕ್ಕೆ ಅಡ್ಡಿಯಾಗಿದೆ. ಅಪ್ಪನಿಗೂ ಇದೆ. ಇನ್ನೊಂದನ್ನು ನೀನು ಬರೆದಿಲ್ಲ, ಅದನ್ನು ಅವ್ವನಿಂದ ತಿಳಿದುಕೋ: ನೀನು ಗಾಢ ನಿದ್ದೆಯಲ್ಲಿದ್ದಾಗ ಅವಳು ನಿನ್ನ ಅಂಗೈ ಮುಟ್ಟಿ ನೋಡಲಿ. ಒಣಗಿದ್ದರೆ ಇದು ಹುಟ್ಟಿನಿಂದ ಬಂದ ಮೈಗುಣದ ಅತಿಬೆವರು ಎನ್ನುವುದಕ್ಕೆ ಮತ್ತೊಂದು ಆಧಾರ ಸಿಕ್ಕಂತೆ. ಈ ಬಗೆಯ ಬೆವರು ನಿದ್ದೆಯಲ್ಲಿ ನಿಂತಿರುತ್ತದೆ.

ಅಂಜುಬುರುಕಿ ಎಂಬ ಮಾತನ್ನು ಇವತ್ತಿಗೆ ಬಿಟ್ಟುಬಿಡು. ನಿನ್ನ ಅಂಗೈಯ ಬೆವರುಗ್ರಂಥಿಗಳು ಎಲ್ಲರಂಥವೇ. ಅವುಗಳಿಗೆ ಅಪ್ಪಣೆ ಕೊಡುವ ನರಗಳು ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಸಲ ಅಪ್ಪಣೆ ಕೊಡುತ್ತವೆ. ಈ ನರಗಳು ನಮ್ಮ ಮನಸ್ಸಿನ ಹಿಡಿತದಲ್ಲಿಲ್ಲ, ಎದೆಬಡಿತವನ್ನು ಏರಿಸುವ ಇಳಿಸುವ ವ್ಯವಸ್ಥೆಗೇ ಅವೂ ಸೇರಿವೆ. ಅಂಜಿಕೆಯಾದಾಗ ಬೆವರು ಹೆಚ್ಚುವುದು ನಿಜ. ಆದರೆ ನಿನ್ನ ವಿಷಯದಲ್ಲಿ ಮೊದಲು ಬಂದದ್ದು ಬೆವರು. ಅದನ್ನು ಯಾರಾದರೂ ಕಂಡಾರು ಎಂಬ ಅಂಜಿಕೆ ಆಮೇಲೆ ಬಂತು, ಆ ಅಂಜಿಕೆ ಬೆವರನ್ನು ಇನ್ನಷ್ಟು ಹೆಚ್ಚಿಸಿತು.

ನೀನು ಒಬ್ಬಳೇ ಅಂದುಕೊಂಡಿರಬೇಡ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ಅಲ್ಲಿ 100 ಜನರಲ್ಲಿ ಸುಮಾರು 3 ಜನರಿಗೆ ಅತಿಬೆವರಿದೆ ಎಂದಿತ್ತು. ಆ ಲೆಕ್ಕ ಹಿಡಿದರೆ ನಿನ್ನ ಕಾಲೇಜಿನಲ್ಲೂ ಕರ್ಚೀಫ್ ಮುದುಡಿ ಹಿಡಿದುಕೊಂಡು ಕೂತವರು ಇನ್ನೂ ಕೆಲವರಿದ್ದರು.

ಈಗ ಒಂದು ಮುಖ್ಯ ಮಾತು. ನಮ್ಮ ಸೀಮೆಯ ಹುಡುಗಿಯಾಗಿ ಇದನ್ನು ನೀನು ಚೆನ್ನಾಗಿ ತಿಳಿದುಕೊಳ್ಳಬೇಕು. ಮೈಬೆವರು ಬೇರೆ, ಅಂಗೈಬೆವರು ಬೇರೆ. ಬೆನ್ನು, ಹಣೆ, ಎದೆಯ ಬೆವರು ಮೈಯನ್ನು ತಂಪು ಮಾಡಲಿಕ್ಕಿದೆ. ಏಪ್ರಿಲ್‌-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಲ್ಲಿ, ತಗಡಿನ ಶೆಡ್ಡಿನೊಳಗೆ, ಮಗ್ಗಗಳ ನಡುವೆ ನಿಂತವರು ಬದುಕುವುದೇ ಆ ಬೆವರಿನಿಂದ. ಅಂಗೈ, ಅಂಗಾಲಿನ ಬೆವರು ಮನಸ್ಸಿನ ಏರಿಳಿತಕ್ಕೆ ಹೆಚ್ಚು ಓಗೊಡುತ್ತದೆ. ಮುಧೋಳ ನಾಯಿಯನ್ನು ನೋಡಿದ್ದೀಯಲ್ಲ? ಅದು ಓಡಿ ಬಂದ ಮೇಲೆ ನಾಲಿಗೆ ಹೊರಹಾಕಿ ತೇಕುತ್ತಾ ಮೈ ತಂಪು ಮಾಡಿಕೊಳ್ಳುತ್ತದೆ, ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಆದರೆ ಅದರ ಪಾದದ ಮೆತ್ತೆಗಳಲ್ಲಿ ಬೆವರುಗ್ರಂಥಿಗಳಿವೆ. ಹೆದರಿದ ನಾಯಿ ನಡೆದ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡುವುದುಂಟು. ನಮ್ಮ ಅಂಗೈ ಅಂಗಾಲಿನದೂ ಅಂಥದೇ ಹಳೆಯ ಏರ್ಪಾಟು: ಹಿಡಿತ ಜಾರದಿರಲೆಂದು ಚರ್ಮವನ್ನು ತುಸುವೇ ಹಸಿಯಾಗಿ ಇಡುವುದು. ನಿನ್ನಲ್ಲಿ ಆ ತುಸು ಹೋಗಿ ಬಹಳವಾಗಿದೆ.

ಆದ್ದರಿಂದ ನಮ್ಮ ಗುರಿ ಅಂಗೈ ಅಂಗಾಲು ಮಾತ್ರ. ಮೈಯ ಬೆವರಿಗೆ ಕೈ ಹಚ್ಚುವುದು ಬೇಡ. ಆಪರೇಷನ್ ಬೇಡ ಎಂದದ್ದೂ ಇದೇ ಕಾರಣಕ್ಕೆ. ಅದರಲ್ಲಿ ಎದೆಯೊಳಗೆ, ಬೆನ್ನೆಲುಬಿನ ಪಕ್ಕದಲ್ಲಿ ಹಾದುಹೋಗುವ ನರವನ್ನು ಕತ್ತರಿಸುತ್ತಾರೆ ಅಥವಾ ಕ್ಲಿಪ್ ಹಾಕುತ್ತಾರೆ. ಅಂಗೈ ಬಹುತೇಕ ಜನರಿಗೆ ಅಂದೇ ಒಣಗುತ್ತದೆ. ಮೊಬೈಲ್ ವಿಡಿಯೋ ತೋರಿಸುವುದು ಅಷ್ಟನ್ನೇ. ಆಮೇಲೆ ಬೆನ್ನು, ಹೊಟ್ಟೆ, ತೊಡೆ ಮೊದಲಿಗಿಂತ ಹೆಚ್ಚು ಬೆವರಲು ಶುರುವಾಗುವುದು ಈ ಆಪರೇಷನ್ನಿನ ಸಾಮಾನ್ಯ ಅಡ್ಡಪರಿಣಾಮ. ಕೆಲವರಿಗೆ ಅದು ದಿನಕ್ಕೆ ಮೂರು ಸಲ ಬಟ್ಟೆ ಬದಲಿಸುವಷ್ಟಾಗುತ್ತದೆ. ಕತ್ತರಿಸಿದ ನರವನ್ನು ಮೊದಲಿನಂತೆ ಕೂಡಿಸಲು ಬರುವುದಿಲ್ಲ. ಬನಹಟ್ಟಿಯ ಬೇಸಿಗೆಯಲ್ಲಿ ಆ ಪಾಡು ಹೇಗಿದ್ದೀತು, ನೀನೇ ಯೋಚಿಸು. ಉಳಿದ ಎಲ್ಲ ಚಿಕಿತ್ಸೆ ಮಾಡಿ ನೋಡಿ, ಯಾವುದೂ ತಾಗದಿದ್ದರೆ ಕಡೆಯಲ್ಲಿ ತಜ್ಞರ ಜತೆ ಕೂತು ಮಾತಾಡುವ ವಿಷಯ ಅದು.

ಮೊದಲ ಮದ್ದು ಹಚ್ಚುವಂಥದು: ಅಲ್ಯೂಮಿನಿಯಂ ಕ್ಲೋರೈಡ್ ಇರುವ ಲೋಷನ್. ಸಾಮಾನ್ಯವಾಗಿ ಶೇ. 20ರಷ್ಟು ಸಾಂದ್ರತೆಯದನ್ನು ಬರೆದುಕೊಡುತ್ತಾರೆ, ಬೆಲೆ ಕೆಲವು ನೂರು ರೂಪಾಯಿ. ಅದು ಬೆವರಿನ ಸಣ್ಣ ಕೊಳವೆಯ ಬಾಯಿಯನ್ನು ಸ್ವಲ್ಪ ಕಾಲ ಮುಚ್ಚುತ್ತದೆ. ತರುವುದಕ್ಕಿಂತ ಹಚ್ಚುವುದರಲ್ಲೇ ಗುಟ್ಟಿದೆ. ಬಹಳ ಜನ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಒದ್ದೆ ಕೈಗೇ ಹಚ್ಚಿ, ಉರಿಯಿತು, ಗುಣವಾಗಲಿಲ್ಲ ಎಂದು ಶೀಸೆ ಬಿಸಾಡುತ್ತಾರೆ. ನೀನು ರಾತ್ರಿ ಮಲಗುವ ಹೊತ್ತಿಗೆ ಹಚ್ಚು. ಆಗ ಬೆವರು ತಾನಾಗಿ ಕಡಿಮೆಯಾಗಿ, ಮದ್ದು ಕೊಳವೆಯೊಳಗೆ ನಿಲ್ಲುತ್ತದೆ. ಕೈ ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಆರಿಸಿಕೋ. ಹಸಿ ಇದ್ದರೆ ಅದೇ ಮದ್ದು ಆಮ್ಲವಾಗಿ ಚರ್ಮವನ್ನು ಸುಡುತ್ತದೆ. ತೆಳ್ಳಗೆ ಸವರಿ, ಒಣಗಲು ಬಿಟ್ಟು, ಮಲಗಿಬಿಡು. ಬೆಳಗ್ಗೆ ಎದ್ದು ಸಾಬೂನಿನಿಂದ ತೊಳೆದ ಮೇಲೆಯೇ ರೊಟ್ಟಿ ಹಿಟ್ಟಿಗೆ, ನೂಲಿಗೆ ಕೈ ಹಾಕು. ಗೀರು, ಗಾಯ ಇದ್ದ ಕಡೆ ಹಚ್ಚಬೇಡ. ಮೊದಮೊದಲು ದಿನಾ ರಾತ್ರಿ, ಕೈ ಒಣಗತೊಡಗಿದ ಮೇಲೆ ವಾರಕ್ಕೆ ಒಂದೆರಡು ಸಲ ಸಾಕು. ಅಂಗೈ ಚರ್ಮ ದಪ್ಪ, ಕಂಕುಳಿಗಿಂತ ನಿಧಾನವಾಗಿ ಗುಣ ಕಾಣುತ್ತದೆ. ಕೆಲವು ವಾರ ತಾಳ್ಮೆ ಬೇಕು. ತುರಿಕೆ, ಕೆಂಪು ಜಾಸ್ತಿಯಾದರೆ ಎರಡು ದಿನ ಬಿಟ್ಟು ವೈದ್ಯರಿಗೆ ಹೇಳು.

ಈ ಲೋಷನ್ನಿನಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ತಿರುಗುತ್ತಿರುತ್ತದೆ. ಅದಕ್ಕೆ ಆಧಾರ ಸಿಕ್ಕಿಲ್ಲ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಬಳಸಬಾರದು. ಸಲೂನಿನಲ್ಲಿ ಗಡ್ಡ ತೆಗೆದ ಮೇಲೆ ಸವರುವ ಪಟಿಕವೂ ಅಲ್ಯೂಮಿನಿಯಂ ಲವಣವೇ. ಹಿರಿಯರು ಪಟಿಕದ ನೀರಲ್ಲಿ ಕೈ ಅದ್ದು ಎನ್ನುತ್ತಿದ್ದುದರಲ್ಲಿ ಹುರುಳಿದೆ, ಆದರೆ ನಿನ್ನಷ್ಟು ಬೆವರುವ ಕೈಗೆ ಅದರ ಬಲ ಸಾಲದು. ಟಾಲ್ಕಂ ಪೌಡರ್ ಅಂಗೈಯಲ್ಲಿ ಕೆಸರಾಗಿ ನೂಲಿಗೆ ಅಂಟುತ್ತದೆ, ಬೇಡ. ಅಜ್ಜಿಯ ಜೀರಿಗೆ ನೀರನ್ನು ಬಿಡಬೇಕಿಲ್ಲ, ಕುಡಿ. ಅದರಿಂದ ಅಂಗೈ ಒಣಗೀತೆಂದು ಕಾಯಬೇಡ, ಅಷ್ಟೇ.

ಲೋಷನ್ ಸಾಲದಿದ್ದರೆ ಮುಂದಿನದು ಅಯಾಂಟೋಫೊರೆಸಿಸ್. ಹೆಸರು ಕೇಳಿ ಗಾಬರಿಯಾಗಬೇಡ. ಎರಡು ಅಗಲ ತಟ್ಟೆಗಳಲ್ಲಿ ಸಾದಾ ನಲ್ಲಿ ನೀರು ತುಂಬಿ, ಅದರಲ್ಲಿ ಅಂಗೈ ಇಟ್ಟು ಕೂರುತ್ತೀ. ಯಂತ್ರ ಆ ನೀರಿನ ಮೂಲಕ ಬಹಳ ಸಣ್ಣ ವಿದ್ಯುತ್ತನ್ನು ಹಾಯಿಸುತ್ತದೆ. ಜುಮುಜುಮು ಎನ್ನುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಒಂದು ಸಲಕ್ಕೆ 20ರಿಂದ 30 ನಿಮಿಷ, ವಾರಕ್ಕೆ ಮೂರರಂತೆ ಕೆಲವು ವಾರ. ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಮಾಡುತ್ತಿದ್ದರೆ ಒಣಗಿದ ಕೈ ಹಾಗೇ ಉಳಿಯುತ್ತದೆ. ಅಂಗೈ ಅಂಗಾಲಿಗೆ ಇದು ಬಹಳ ಒಳ್ಳೆಯ ಚಿಕಿತ್ಸೆ ಎನ್ನುವುದು ನನ್ನ ನಂಬಿಕೆ, ನಮ್ಮ ಕಡೆ ಇದರ ಹೆಸರೇ ಕೇಳಿದವರಿಲ್ಲ ಎನ್ನುವುದು ನನ್ನ ಸಂಕಟ. ಗರ್ಭಿಣಿಯರಿಗೆ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ, ಮೈಯಲ್ಲಿ ಲೋಹದ ರಾಡು-ಪ್ಲೇಟು ಇರುವವರಿಗೆ ಇದು ಸಲ್ಲದು. ಬ್ಯಾಟರಿ, ವೈರು ತಂದು ಮನೆಯಲ್ಲಿ ಮಾಡಿಕೊಳ್ಳುವ ವಿಡಿಯೋಗಳಿವೆ. ಖಂಡಿತ ಆ ಗೋಜಿಗೆ ಹೋಗಬೇಡ.

ಗುಳಿಗೆಗಳೂ ಇವೆ. ಗ್ಲೈಕೋಪೈರೋಲೇಟ್, ಆಕ್ಸಿಬ್ಯುಟಿನಿನ್ ಎಂಬವು ಬೆವರಿನ ಅಪ್ಪಣೆಯನ್ನೇ ತಡೆಯುತ್ತವೆ. ಆದರೆ ಅವು ಕೈಯದು, ಮೈಯದು ಎಂದು ಭೇದ ಮಾಡುವುದಿಲ್ಲ. ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಕಣ್ಣು ಮಂಜಾಗುವುದೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ ಬಿಸಿಲಲ್ಲಿ ಮೈ ತಂಪಾಗುವ ದಾರಿ ಕಟ್ಟುತ್ತದೆ. ಕಬ್ಬು ಕಡಿಯುವವರು, ಶೆಡ್ಡಿನಲ್ಲಿ ದುಡಿಯುವವರು ಬೇಸಿಗೆಯಲ್ಲಿ ಈ ಗುಳಿಗೆ ನುಂಗಿದರೆ ಉಷ್ಣಾಘಾತವಾದೀತು. ವೈದ್ಯರು ಬರೆಯಲು ಹೊರಟರೆ ನೀನು ಕೆಲಸ ಮಾಡುವ ಜಾಗ ಎಂಥದೆಂದು ಮೊದಲೇ ಹೇಳು. ಬೊಟುಲಿನಂ ಚುಚ್ಚುಮದ್ದು ಆರು ತಿಂಗಳ ಆಸುಪಾಸು ಒಣಗಿಸುತ್ತದೆ, ಆದರೆ ದುಬಾರಿ. ಅಂಗೈಗೆ ಚುಚ್ಚಿಸಿಕೊಳ್ಳುವುದು ಬಹಳ ನೋವು, ಸ್ವಲ್ಪ ದಿನ ಬೆರಳಿನ ಬಲವೂ ಕುಗ್ಗಬಹುದು. ಎಳೆ ಕಡಿದರೆ ಬೆರಳ ತುದಿಯಿಂದ ಗಂಟು ಹಾಕುವ ಕೈಗೆ ಅದನ್ನು ನಾನು ಸೂಚಿಸಲಾರೆ.

ಎಲ್ಲಿಗೆ ಹೋಗಬೇಕು? ಚರ್ಮರೋಗ ತಜ್ಞರ ಹತ್ತಿರ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ ಬೇಕೇ ಎಂದು ಕೇಳು. ನಂತರ ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯಂಥ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮ ವಿಭಾಗಕ್ಕೆ ಹೋಗಿ ಬಾ, ಹುಬ್ಬಳ್ಳಿ, ವಿಜಯಪುರಗಳಲ್ಲೂ ಅಂಥ ಆಸ್ಪತ್ರೆಗಳಿವೆ. ಹೋದಾಗ ಬೆವರು ಎಂದಷ್ಟೇ ಹೇಳಿದರೆ ಬೇಸಿಗೆಯಲ್ಲಿ ಯಾರಿಗಿಲ್ಲ ಎಂದು ಕಳಿಸಿಬಿಟ್ಟಾರು. ನನಗೆ ಬರೆದದ್ದನ್ನೇ ಅಲ್ಲೂ ಹೇಳು: ನೂಲಿಗೆ ಕಲೆ, ಹರಿದ ಉತ್ತರಪತ್ರಿಕೆ, ಹೆಬ್ಬಟ್ಟು ತಗೊಳ್ಳದ ಮಷಿನ್.

ಮದ್ದು ಗುಣ ಕೊಡುವವರೆಗೆ ದಿನ ನೂಕಬೇಕಲ್ಲ. ಪರೀಕ್ಷೆಯಲ್ಲಿ ಬರೆಯುವ ಕೈಯ ಕೆಳಗೆ ದಪ್ಪ ಹತ್ತಿಯ ಕರ್ಚೀಫ್ ಮಡಚಿ ಇಟ್ಟುಕೋ, ಕೊಠಡಿ ಮೇಲ್ವಿಚಾರಕರಿಗೆ ಮೊದಲೇ ಬಿಚ್ಚಿ ತೋರಿಸು. ಜೆಲ್ ಪೆನ್ ಬಿಟ್ಟು ಬಾಲ್ ಪೆನ್ ಹಿಡಿ, ಶಾಯಿ ಕದಡುವುದಿಲ್ಲ. ಹೆಬ್ಬಟ್ಟಿನ ಮಷಿನ್ ಹತ್ತಿರ ನಿನ್ನ ಸರದಿ ಬರುವ ಮೊದಲೇ ಬೆರಳು ಒರೆಸಿ ಗಾಳಿಗೆ ಹಿಡಿ. ಆದರೂ ಆಗದಿದ್ದರೆ ಬೇರೆ ಬೆರಳು ಇಡುತ್ತೇನೆ ಎನ್ನು. ಆಧಾರ್‌ನಲ್ಲಿ ಹತ್ತೂ ಬೆರಳು, ಎರಡೂ ಕಣ್ಣಿನ ಪಾಪೆ ದಾಖಲಾಗಿರುತ್ತವೆ. ಕಂಡಿಕೆ ಸುತ್ತುವಾಗ ಮಡಿಲಲ್ಲಿ ಒಂದು ಒಣ ಬಟ್ಟೆ ಇರಲಿ. ಬಿಳಿ ನೂಲಿನ ದಿನ ತೆಳು ಹತ್ತಿಯ ಕೈಗವಸು ಹಾಕಿ ನೋಡಬಹುದು, ಆದರೆ ತಿರುಗುವ ಯಂತ್ರದ ಹತ್ತಿರ ಸಡಿಲವಾದ ಕೈಗವಸು ಬೇಡವೇ ಬೇಡ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒದ್ದೆ ಚರ್ಮದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಮಗ್ಗದ ಸ್ಟಾರ್ಟರ್, ಸ್ವಿಚ್ಚು ಮುಟ್ಟುವ ಮೊದಲು ಪ್ರತಿ ಸಲವೂ ಕೈ ಒರೆಸಬೇಕು, ಕಾಲಲ್ಲಿ ಒಣ ರಬ್ಬರ್ ಚಪ್ಪಲಿ ಇರಬೇಕು. ಬರಿಗಾಲಲ್ಲಿ, ಬೆವರಿದ ಅಂಗಾಲಲ್ಲಿ ನಿಂತು ಸ್ವಿಚ್ಚಿಗೆ ಕೈ ಹಾಕುವುದನ್ನು ಇಂದಿನಿಂದಲೇ ನಿಲ್ಲಿಸು. ಅಪ್ಪನಿಗೂ ಇದನ್ನು ಓದಿ ಹೇಳು.

ಇದೇ ತೊಂದರೆಯ ಇನ್ನೂ ಕೆಲವು ಪತ್ರಗಳು ನನ್ನ ಮುಂದಿವೆ. ಜಮಖಂಡಿಯ ತಾಯಿಯೊಬ್ಬರು, ಮಗನ ಬೂಟು ಬಿಚ್ಚಿದರೆ ಮನೆಯಲ್ಲಿ ಕೂರಲಾಗದು ಎಂದು ಬರೆದಿದ್ದಾರೆ. ತಾಯಿ, ಬೆವರಿಗೆ ತನ್ನದೇ ನಾತ ಬಹಳ ಇಲ್ಲ. ಒದ್ದೆ ಚರ್ಮದಲ್ಲಿ ಬೆಳೆಯುವ ಸೂಕ್ಷ್ಮಾಣುಗಳದು ಆ ನಾತ. ಅಂಗಾಲಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಅದು ಸೋಂಕು, ಹಚ್ಚುವ ಮದ್ದಿನಿಂದ ವಾಸಿಯಾಗುತ್ತದೆ. ಎರಡು ಜತೆ ಬೂಟು ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಲಿ, ಬಿಟ್ಟದ್ದು ಬಿಸಿಲಲ್ಲಿ ಒಣಗಲಿ, ಹತ್ತಿಯ ಕಾಲುಚೀಲ ಮಧ್ಯಾಹ್ನ ಒಮ್ಮೆ ಬದಲಾಯಿಸಲಿ. ಬೀಳಗಿಯ ಶಿಕ್ಷಕಿಯೊಬ್ಬರು ಕಂಕುಳ ಬೆವರಿನಿಂದಾಗಿ ಬೋರ್ಡಿನ ಮೇಲೆ ಕೈ ಎತ್ತಿ ಬರೆಯಲು ಹಿಂಜರಿಯುತ್ತಾರೆ. ಮೇಲೆ ಹೇಳಿದ ಲೋಷನ್ ಕಂಕುಳಿಗೆ ಇನ್ನೂ ಬೇಗ ತಾಗುತ್ತದೆ, ರೋಮ ತೆಗೆದ ಒಂದೆರಡು ದಿನ ಮಾತ್ರ ಹಚ್ಚಬಾರದು.

ಮುಧೋಳದಿಂದ ಬರೆದವರ ಪತ್ರಕ್ಕೆ ಉತ್ತರ ಬೇರೆ. ಅವರಿಗೆ 48 ವರ್ಷ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಎರಡು ತಿಂಗಳಿಂದ ರಾತ್ರಿ ನಿದ್ದೆಯಲ್ಲಿ ಹಾಸಿಗೆ ತೊಯ್ಯುವಷ್ಟು ಬೆವರು, ತೂಕವೂ ಇಳಿದಿದೆ. ಸ್ವಾಮಿ, ನಿಮ್ಮದನ್ನು ಲೋಷನ್ನಿಗೆ ಬಿಡುವಂತಿಲ್ಲ. ದೊಡ್ಡವರಾದ ಮೇಲೆ ಹೊಸದಾಗಿ ಬಂದ, ಮೈತುಂಬ ಹರಿಯುವ, ರಾತ್ರಿಯ ಬೆವರಿಗೆ ಒಳಗೊಂದು ಕಾರಣ ಇರಬಹುದು: ಕ್ಷಯ, ಥೈರಾಯ್ಡ್, ಬೇರೆ ಸೋಂಕು, ರಕ್ತದ ಕಾಯಿಲೆ, ಕೆಲವೊಮ್ಮೆ ನುಂಗುತ್ತಿರುವ ಗುಳಿಗೆ. ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕಫದ ಪರೀಕ್ಷೆ ಅಲ್ಲಿ ಉಚಿತ, ಕ್ಷಯ ಎಂದಾದರೆ ಮದ್ದೂ ಉಚಿತ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರಿಗೆ ತಟ್ಟನೆ ತಣ್ಣನೆಯ ಬೆವರು, ನಡುಕ ಬಂದರೆ ಕೂಡಲೇ ಬೆಲ್ಲವನ್ನೋ ಸಕ್ಕರೆಯನ್ನೋ ಬಾಯಿಗೆ ಹಾಕಿಕೊಳ್ಳಬೇಕು. ಎದೆನೋವಿನ ಜತೆ ತಣ್ಣನೆಯ ಬೆವರು ಒಡೆದರೆ 108ಕ್ಕೆ ಫೋನ್ ಮಾಡಬೇಕು, ವಾಯು ಎಂದು ಸೋಡಾ ಕುಡಿದು ಕೂರಬಾರದು.

ಹೊಲದಲ್ಲಿ, ಶೆಡ್ಡಿನಲ್ಲಿ ಮೈಬೆವರು ಹರಿಸುವ ಎಲ್ಲರಿಗೂ ಒಂದು ಮಾತು. ಹೋದ ನೀರು, ಉಪ್ಪು ಎರಡೂ ಒಳಗೆ ಬರಬೇಕು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಒಳ್ಳೆಯದು. ಬಹಳ ಸುಸ್ತಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಯಬೇಕು. ಬೆವರೀತೆಂದು ಹೆದರಿ ನೀರು ಕಡಿಮೆ ಮಾಡುವವರನ್ನು ಕಂಡಿದ್ದೇನೆ. ಅದು ತಲೆಸುತ್ತಿಗೆ ದಾರಿ.

ಇನ್ನು ಮಹಾಲಿಂಗಪುರದ ಮಾತು, ತಂಗಿ. ನಿನ್ನ ಪತ್ರದಲ್ಲಿ ನಿದ್ದೆ ಕೆಡಿಸಿದ್ದು ಅದೇ ಎಂದು ನನಗೆ ಗೊತ್ತು. ಮೊದಲು ಮನೆಯಲ್ಲಿ ಹೇಳು, ಅದೂ ಅಪ್ಪನಿಂದ ಶುರು ಮಾಡು. ಈ ಮನೆಯಲ್ಲಿ ನಿನ್ನ ಕಷ್ಟ ಅರೆಮಾತಿನಲ್ಲಿ ತಿಳಿಯುವವರು ಅವರು. ಇಷ್ಟು ವರ್ಷ ಟವೆಲ್ಲಿಗೆ ಒರೆಸಿಕೊಂಡು ಸುಮ್ಮನಿದ್ದವರಿಗೆ ಮಗಳ ಜತೆ ಇದನ್ನು ಮಾತಾಡಲು ಒಂದು ನೆಪ ಬೇಕಿರಬಹುದು. ಪತ್ರಿಕೆಯಲ್ಲಿ ಬಂದಿದೆ ನೋಡ್ರಿ ಎಂದು ಇದನ್ನೇ ಅವರ ಕೈಗೆ ಕೊಡು.

ಗಂಡಿಗೂ ಹೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮುಚ್ಚಿಟ್ಟರೆ ಕೈ ಒಣಗಿಸಿಕೊಳ್ಳುವ ಚಿಂತೆಯಲ್ಲೇ ಅವರ ಮುಖ ನೋಡುವುದೂ ನಿನಗೆ ಆಗುವುದಿಲ್ಲ. ಮಾತುಕತೆ ಮುಂದುವರಿದು, ನೀವಿಬ್ಬರೂ ಫೋನಿನಲ್ಲೋ ಎದುರಿಗೋ ಮಾತಾಡುವ ದಿನ ಬಂದಾಗ ಎರಡೇ ಮಾತಿನಲ್ಲಿ ಹೇಳು: ನನ್ನ ಅಂಗೈ ಸಣ್ಣಂದಿನಿಂದ ಬೆವರತಾವ, ಅಪ್ಪಂದೂ ಹಂಗ, ಡಾಕ್ಟರಿಗೆ ತೋರಿಸಿ ಔಷಧ ಹಚ್ಚಾಕತ್ತೇನಿ. ಅಳುಕಿನ ದನಿ, ಕ್ಷಮೆ ಕೇಳುವುದು ಬೇಡ. ಇದು ಅಂಟುವ ರೋಗವಲ್ಲ, ಹೆರಿಗೆಗೆ, ಸಂಸಾರಕ್ಕೆ ಅಡ್ಡಿಯಲ್ಲ. ಮಕ್ಕಳಿಗೆ ಬರಬಹುದೇ ಎಂದು ಕೇಳಿದರೆ, ಬರಬಹುದು, ಬಂದರೆ ಅವರಿಗೆ ನನ್ನ ಹಾಗೆ ಹತ್ತು ವರ್ಷ ಸುಮ್ಮನೆ ಒದ್ದಾಡಲು ಬಿಡುವುದಿಲ್ಲ ಎನ್ನು. ಇಷ್ಟು ಕೇಳಿ ಹಿಂದೆ ಸರಿಯುವ ಮನೆಯಾದರೆ, ಅಕ್ಕನಾಗಿ ಹೇಳುತ್ತೇನೆ, ಆ ಮನೆ ನಿನಗೆ ತಕ್ಕದ್ದಲ್ಲ.

ನಿದ್ದೆಗೇಡು ಇನ್ನೂ ಹೀಗೇ ಮುಂದುವರಿದರೆ 14416ಕ್ಕೆ ಫೋನ್ ಮಾಡು. ಟೆಲಿ-ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು. ಲೋಷನ್ ಶುರು ಮಾಡಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ. ಆರು ವಾರ ಬಿಡದೆ ಹಚ್ಚಿಯೂ ಬಿಳಿ ನೂಲು ಹಿಡಿಯಲಾಗದಿದ್ದರೆ ಅದೇ ವೈದ್ಯರ ಬಳಿ ಮತ್ತೆ ಹೋಗಿ, ನೀರಿನ ತಟ್ಟೆಯ ಆ ಯಂತ್ರದ ಬಗ್ಗೆ ಹೆಸರು ಹಿಡಿದೇ ಕೇಳು.